ಕೊನೆಯ ಗೇಣು

ಜನವರಿ 9

ಮಾವ,

ಫೋನಿನಲ್ಲಿ ನಿನಗೆ ಬೇಡದ ಮಾತು ಬಂದರೆ "ಕೇಳಿಸ್ತಿಲ್ಲ, ಕೇಳಿಸ್ತಿಲ್ಲ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡರೆ ಕಾಗದ ಎಂಥ ಕಿವುಡನಿಗೂ ಕೇಳಿಸುತ್ತದೆ.

ಅಮ್ಮ ಹೋಗಿ ಮೂರು ತಿಂಗಳಾಯಿತು. ಮೊನ್ನೆ ಭಾನುವಾರ ಧೈರ್ಯ ಮಾಡಿ ಅವಳ ಹೊಲಿಗೆ ಮೆಷಿನ್ನಿನ ಡ್ರಾಯರ್ ಎಳೆದೆ. ಗುಂಡಿ ಹಾಕಿಡುವ ತಗಡಿನ ಡಬ್ಬ ನಿನಗೂ ಗೊತ್ತು. ನಾನು ಮದುವೆಯಾಗಿ ಹೊರಡುವವರೆಗೂ ಅದನ್ನು ಮುಟ್ಟಲು ಬಿಟ್ಟವಳಲ್ಲ. ಗುಂಡಿಗಳ ಅಡಿಯಲ್ಲಿ ಒಂದು ಕರ್ಚೀಫಿನ ಗಂಟು, ಗಂಟು ಸಾಲದೆಂದು ಸುತ್ತಲೂ ಹೊಲಿಗೆ. ಬಿಚ್ಚಿದರೆ ಕ್ಯಾಮೆರಾದ ರೀಲು. ಅದಕ್ಕೆ ಸುತ್ತಿದ ಚೀಟಿಯಲ್ಲಿ ಅಮ್ಮನ ಅಕ್ಷರ: "ತೊಳೆಸಬಾರದು."

ಅದು ಯಾವ ದಿನದ ರೀಲೆಂದು ನಾನು ಕೇಳುವುದಿಲ್ಲ, ನೀನೂ ಹೇಳಬೇಕಾಗಿಲ್ಲ. ದೋಣಿಕಟ್ಟೆಗೆ ಹೋದ ದಿನ ನಿನ್ನ ಕೊರಳಲ್ಲಿ ಕ್ಯಾಮೆರಾ ಇತ್ತು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಯಾರ ಫೋಟೋವನ್ನೂ ತೆಗೆಯಲಿಲ್ಲ.

ಆಗ ನನಗೆ ಏಳು ವರ್ಷ, ಕಾಳುಗೆ ನಾಲ್ಕು. ಮೆಣಸಿನಕಾಳಿನಷ್ಟಿದ್ದಾಳೆ, ಅಷ್ಟೇ ಖಾರ ಎಂದು ತಂಗಿಗೆ ಆ ಹೆಸರಿಟ್ಟವನು ನೀನೇ, ನನ್ನನ್ನು ಹೆಡ್‌ಮೇಷ್ಟ್ರಮ್ಮ ಎಂದು ಕರೆದವನೂ ನೀನೇ. "ತಂಗಿ ಕೈ ಬಿಡಬೇಡ" ಎಂದು ಹೇಳಿ ಅಮ್ಮ ದೋಣಿಯ ಟಿಕೆಟ್ ತರಲು ಹೋದಳು. ಬರುವಷ್ಟರಲ್ಲಿ ಕಾಳು ನೀರಿನಲ್ಲಿದ್ದಳು. ಕೈ ಯಾವಾಗ ಬಿಟ್ಟೆ, ಯಾಕೆ ಬಿಟ್ಟೆ, ನನಗೆ ನೆನಪಿಲ್ಲ. ಮೂವತ್ತೊಂದು ವರ್ಷದಲ್ಲಿ ಅಮ್ಮ ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ಮಗಳಿಗೆ ಜೂನ್‌ನಿಂದ ಶಾಲೆ. ನಡುವೆ ಒಂದು ದೊಡ್ಡ ರಸ್ತೆ ದಾಟಬೇಕು. ಇವತ್ತಿನವರೆಗೂ ನಾನು ಅವಳ ಕೈ ಹಿಡಿದು ರಸ್ತೆ ದಾಟಿಲ್ಲ, ಮಾವ. ಎತ್ತಿಕೊಂಡೇ ದಾಟುತ್ತೇನೆ. ಈಗ ಭಾರವಾಗಿದ್ದಾಳೆ, ಅವಳಿಗೆ ನಾಚಿಕೆಯೂ ಬಂದಿದೆ. "ನಾನೇನು ಪಾಪುನಾ?" ಎಂದು ಕಾಲು ಒದರುತ್ತಾಳೆ. ಕೈ ಹಿಡಿದರೆ ನನ್ನ ಬೆರಳು ತಾನಾಗಿ ಬಿಟ್ಟುಕೊಳ್ಳುತ್ತದೇನೋ ಎಂದು ಹೆದರುತ್ತೇನೆ.

ನನಗೆ ನೋಡಬೇಕು. ಬಿಟ್ಟಿದ್ದರೆ ಬಿಟ್ಟೆ ಎಂದು ಗೊತ್ತಾಗಲಿ. ಇಲ್ಲಿ ನಾಲ್ಕು ಅಂಗಡಿ ತಿರುಗಿದೆ. ಆ ಜಾತಿಯ ರೀಲು ಮಾಡುವುದು ನಿಂತು ಎಷ್ಟೋ ವರ್ಷವಾಯಿತು, ತೊಳೆಯುವ ಔಷಧಿಯೂ ನಿಂತಿದೆ ಎನ್ನುತ್ತಾರೆ. "ಈ ಕೈ ತೊಳೆಯದ ರೀಲಿಲ್ಲ" ಎಂದು ನೀನು ಹೇಳುತ್ತಿದ್ದೆಯಲ್ಲ, ಆ ಕೈ ಈಗ ಬೇಕು.

ನಿನ್ನ
ಹೆಡ್‌ಮೇಷ್ಟ್ರಮ್ಮ

*

ಜನವರಿ 21

ಹೆಡ್‌ಮೇಷ್ಟ್ರಮ್ಮನವರ ಮೇಜಿಗೆ,

ನಿಮ್ಮ ಮಾವ ಇನ್ನೂ ಎರಡೇ ಕಾಲಿನ ಮೇಲೆ ನಿಂತಿದ್ದಾನೆ. ಹಲ್ಲು ಹದಿನಾರು ಉಳಿದಿವೆ, ಮಿಕ್ಕವು ನಿಮ್ಮತ್ತೆಯ ಅಡುಗೆಯ ಜೊತೆ ಹೋರಾಡಿ ಮಡಿದವು. ನೀನು, ಅಳಿಯಂದಿರು, ಚಿಕ್ಕ ಮೇಡಮ್ಮು ಎಲ್ಲರೂ ಸುಖವಾಗಿದ್ದೀರಿ ಎಂದು ನಾನೇ ತೀರ್ಮಾನ ಮಾಡಿದ್ದೇನೆ.

ನಾನು ಓದಿದ್ದು ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ, ಏಳನೇ ಕ್ಲಾಸು, ಅದೂ ಎರಡು ಸಲ. ಆದರೆ ಈ ಊರಿನಲ್ಲಿ ನನ್ನ ಮುಂದೆ ಗದ್ದ ಎತ್ತದ ಮನುಷ್ಯನಿಲ್ಲ. ದೊಡ್ಡ ಜಡ್ಜಿಗೇ "ಗದ್ದ ಮೇಲೆ, ಹೊಟ್ಟೆ ಒಳಗೆ" ಅಂದವನು ನಾನು. ಗದ್ದ ಎತ್ತಿದರು, ಹೊಟ್ಟೆ ಎಳೆದುಕೊಂಡರು, ನಾನು ಸಾಕು ಅನ್ನುವವರೆಗೆ ಉಸಿರೂ ಬಿಡಲಿಲ್ಲ. ಕ್ಯಾಮೆರಾ ಹಿಂದೆ ನಿಂತವನ ಮಾತನ್ನು ರಾಜನೂ ಮೀರುವುದಿಲ್ಲ. ಇನ್ನೊಂದು ವಿಷಯ, ಬರೆದಿಟ್ಟುಕೊ: ನಲವತ್ತೆರಡು ವರ್ಷದಲ್ಲಿ ನನ್ನ ನೆರಳು ನನ್ನ ಫೋಟೋದೊಳಗೆ ಒಂದು ಸಲವೂ ಬಿದ್ದಿಲ್ಲ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ನೆರಳನ್ನು ಚೌಕಟ್ಟಿನ ಹೊರಗಿಡುವುದು ವಿದ್ಯೆ. ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದವನು ತೆಗೆದ ಫೋಟೋ ನೋಡು, ಗಂಡು ಹೆಣ್ಣಿನ ನಡುವೆ ಅವನ ತಲೆಯ ನೆರಳೂ ಕೂತಿರುತ್ತದೆ, ಮೂರನೆಯವನ ಹಾಗೆ.

ರೀಲಿನ ವಿಷಯಕ್ಕೆ ಬರುತ್ತೇನೆ. ಅಕ್ಕ "ತೊಳೆಸಬಾರದು" ಎಂದು ಬರೆದಿಟ್ಟಿದ್ದಾಳೆ. ಅವಳು ಸುಮ್ಮಸುಮ್ಮನೆ ಶಾಯಿ ಖರ್ಚು ಮಾಡುವವಳಲ್ಲ. ನನ್ನ ಡಾರ್ಕ್‌ರೂಮಿನಲ್ಲಿ ಈಗ ಮುರಿದ ಕುರ್ಚಿ, ಹಳೇ ಪೇಪರಿನ ಗಂಟು, ನಿಮ್ಮತ್ತೆಯ ಹೊಲಿಯದ ಹಾಸಿಗೆ ಎಲ್ಲ ಸಂಸಾರ ಹೂಡಿವೆ. ನಲ್ಲಿಯಲ್ಲಿ ನೀರು ಬರುವುದಿಲ್ಲ. ನನ್ನ ಬಲಗೈ ಬೇರೆ ಬೆಳಿಗ್ಗೆ ನಡುಗುತ್ತದೆ. ಮೂವತ್ತು ವರ್ಷ ಗುಂಡಿ ಡಬ್ಬದಲ್ಲಿದ್ದ ರೀಲಿನಲ್ಲಿ ಏನು ಉಳಿದಿರುತ್ತದೆ, ಮಂಜು ಬಿಟ್ಟರೆ? ಸದ್ಯಕ್ಕೆ ಅಲ್ಲೇ ಇರಲಿ. ಬೇಸಿಗೆ ಕಳೆಯಲಿ, ಆಮೇಲೆ ನೋಡೋಣ.

ಮಗುವಿಗೆ ನನ್ನ ಕಡೆಯಿಂದ ಒಂದು ಸಲ ಕಿವಿ ಹಿಂಡು.

ನಿನ್ನ
ಮಾವ

*

ಫೆಬ್ರವರಿ 3

ಮಾವ,

ನಿನ್ನ ಕಾಗದದಲ್ಲಿ ರೀಲಿಗಿಂತ ಜಡ್ಜಿನ ಹೊಟ್ಟೆ ದೊಡ್ಡದಾಗಿತ್ತು.

ಬೇಸಿಗೆ ಕಳೆದರೆ ಜೂನ್ ಬರುತ್ತದೆ. ರೀಲನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಕಿರಣ ತಾಗಿ ಕೆಡದಿರಲೆಂದು ಎಕ್ಸ್‌ರೇ ಕೋಣೆಯ ಹತ್ತಿರ ಸುಳಿಯದಂತೆ ನೋಡಿಕೊಂಡೆ. ನಾನೇ ಅಲ್ಲಿ ಕೆಲಸ ಮಾಡುವವಳಾದರೂ ಆಸ್ಪತ್ರೆಗೆ ಒಂದು ದಿನವೂ ಅದನ್ನು ತೆಗೆದುಕೊಂಡು ಹೋಗಲಿಲ್ಲ. ಚೀಟಿಯನ್ನು ಮಾತ್ರ ನಾನೇ ಇಟ್ಟುಕೊಂಡಿದ್ದೇನೆ. ಅಮ್ಮನ ಮಾತನ್ನು ಮೀರುತ್ತಿರುವವಳು ನಾನು, ನೀನಲ್ಲ.

ಡಾರ್ಕ್‌ರೂಮಿನ ಸಾಮಾನು ಹೊರಗೆ ಹಾಕಲು ಅತ್ತೆಗೆ ಫೋನ್ ಮಾಡಿ ಹೇಳಿದ್ದೇನೆ. ಅವರಿಗೆ ಚೆನ್ನಾಗಿ ಕೇಳಿಸಿತು.

ಹೆಡ್‌ಮೇಷ್ಟ್ರಮ್ಮ

*

ಫೆಬ್ರವರಿ 17

ಹೆಡ್‌ಮೇಷ್ಟ್ರಮ್ಮನಿಗೆ,

ನೀನು ನಿಮ್ಮತ್ತೆಯನ್ನು ಎತ್ತಿಕಟ್ಟಿದ್ದು ಯುದ್ಧಧರ್ಮವಲ್ಲ. ಮೂರು ದಿನದಲ್ಲಿ ಕೋಣೆ ಖಾಲಿ, ನಲ್ಲಿ ರಿಪೇರಿ, ಕಿಟಕಿಯ ಸಂದಿಗೆ ಕಪ್ಪು ಬಟ್ಟೆ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು ಹೇಳಿದಳು: "ಜೀವಮಾನವೆಲ್ಲ ರೀಲು ಬಿಟ್ಟಿದ್ದೀರಿ. ಒಂದು ರೀಲು ತೊಳೆಯೋಕೆ ಏನ್ರೀ ಧಾಡಿ?"

ರೀಲು ಬಂದಿದೆ. ಪೋಸ್ಟ್‌ಮ್ಯಾನ್ ಕೊಟ್ಟಾಗ ಅದನ್ನು ಎರಡೇ ಬೆರಳಿನಲ್ಲಿ ಮೈಯಿಂದ ಎಷ್ಟು ದೂರ ಹಿಡಿದೆನೆಂದರೆ "ಯಜಮಾನ್ರೇ, ಬಾಂಬಾ?" ಎಂದ. ಗೂಡಿನಲ್ಲಿಟ್ಟೆ. ಅದರ ಬಾಯಿಯಿಂದ ನಾಲಿಗೆ ಚಾಚಿದ ಹಾಗೆ ಒಂದು ಚೂರು ಫಿಲ್ಮು ಹೊರಗಿದೆ. ಊಟ ಮಾಡುವಾಗ ನನ್ನ ಕಡೆಗೇ ನೋಡುತ್ತದೆ. ತಿರುಗಿಸಿಟ್ಟೆ. ಆಮೇಲೆ ಬಾಯಿಗೆ ಒಂದು ಲೋಟ ಮುಚ್ಚಿದೆ.

ಒಂದು ಗುಟ್ಟು ಹೇಳುತ್ತೇನೆ, ಬಸ್ ನಿಲ್ದಾಣದ ಸ್ಟುಡಿಯೋದವನಿಗೆ ಹೇಳಬೇಡ. ಈ ಜಾತಿಯ ರೀಲನ್ನು ನಾನು ಯಾವತ್ತೂ ತೊಳೆದವನಲ್ಲ. ಯಾರೂ ಮನೆಯಲ್ಲಿ ತೊಳೆಯುತ್ತಿರಲಿಲ್ಲ. ಚೀಲದಲ್ಲಿ ಹಾಕಿ ಕಂಪನಿಗೆ ಕಳಿಸಿದರೆ ತಿಂಗಳಾದ ಮೇಲೆ ಬಣ್ಣ ಬಣ್ಣದ ಸ್ಲೈಡುಗಳಾಗಿ ವಾಪಸ್ ಬರುತ್ತಿತ್ತು. ನಾನು ಅದನ್ನು ಗಿರಾಕಿಗೆ ಕೊಡುವಾಗ ಕೈಗೆ ಸ್ವಲ್ಪ ಔಷಧಿ ವಾಸನೆ ಹಚ್ಚಿಕೊಂಡು ಕೊಡುತ್ತಿದ್ದೆ. ಈ ರೀಲಿನ ಬಣ್ಣ ರೀಲಿನಲ್ಲಿರುವುದಿಲ್ಲ, ಕಂಪನಿಯ ಔಷಧಿಯಲ್ಲಿತ್ತು. ಔಷಧಿ ನಿಂತಿತು, ಬಣ್ಣ ಹೋಯಿತು. ಈಗ ಕಪ್ಪು-ಬಿಳುಪಿನ ಡೆವಲಪರ್‌ನಲ್ಲಿ ಹಾಕಿದರೆ ಬಡಕಲು ನೆಗೆಟಿವ್ ಬಂದರೂ ಬರಬಹುದು. ಬೆನ್ನಿಗೆ ಕಾಡಿಗೆಯ ಹಾಗೆ ಒಂದು ಕರಿ ಪದರವಿದೆ, ಅದನ್ನು ವಾಷಿಂಗ್ ಸೋಡಾ ನೀರಿನಲ್ಲಿ ನೆನೆಸಿ ಒರೆಸಬೇಕು. ಡೆವಲಪರ್‌ನಲ್ಲಿ ಎಷ್ಟು ಹೊತ್ತು ಬಿಡಬೇಕೆಂದು ಯಾರಿಗೂ ಗೊತ್ತಿಲ್ಲ.

ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಇಪ್ಪತ್ತು ಫೋಟೋದ ರೀಲು. ಕತ್ತಲೆಯಲ್ಲಿ ನನ್ನ ಗೇಣೇ ಅಳತೆ, ಒಂದು ಗೇಣಿಗೆ ಐದು ಫೋಟೋ. ಮೊದಲ ಗೇಣು ಕತ್ತರಿಸಿ ತೊಳೆದು ನೋಡುವುದು, ಅದು ಕೆಟ್ಟರೆ ಎರಡನೆಯದಕ್ಕೆ ಹೊತ್ತು ತಿದ್ದಿಕೊಳ್ಳುವುದು. ಹೊರಗಿನ ತುದಿ ಬೆಳಗಿನದು. ಒಳಗೆ ಹೋದಷ್ಟೂ ಸಂಜೆ.

ಹದಿನೇಳು ಫೋಟೋ ತೆಗೆದಿದ್ದೆ. ಆ ಲೆಕ್ಕ ನನಗೆ ಮರೆತಿಲ್ಲ.

ನಿನ್ನ
ಮಾವ

*

ಮಾರ್ಚ್ 6

ಹೆಡ್‌ಮೇಷ್ಟ್ರಮ್ಮನಿಗೆ,

ಮೊದಲ ಗೇಣು ಹೋಯಿತು. ಹೆಂಚಿನ ತಳದ ಹಾಗೆ ಕಪ್ಪು. ನಿಮ್ಮತ್ತೆ ಬಾಗಿಲ ಹೊರಗಿಂದ "ಆಯ್ತಾ?" ಅಂದಳು. "ಆಯ್ತು, ಪೂರ್ತಿ ಆಯ್ತು" ಅಂದೆ.

ನಿನ್ನ ಹತ್ತಿರ ಮುಚ್ಚಿಡುವುದಿಲ್ಲ, ಆ ಕರಿ ಪಟ್ಟಿ ನೋಡಿ ನನಗೆ ನಿರಾಳವಾಯಿತು. ಎಲ್ಲ ಹೀಗೇ ಇರುತ್ತದೆ, ಬರೆದು ಕಳಿಸಿಬಿಡೋಣ ಎಂದುಕೊಂಡೆ. ಆದರೆ ಕಸುಬುದಾರನ ಕೆಟ್ಟ ಬುದ್ಧಿ ಕೇಳಬೇಕಲ್ಲ. ಮಾರನೇ ಮಧ್ಯಾಹ್ನ ಹೊತ್ತು ಅರ್ಧಕ್ಕಿಳಿಸಿ, ನೀರು ತಣ್ಣಗೆ ಮಾಡಿ, ಎರಡನೆಯದನ್ನು ಇಳಿಬಿಟ್ಟೆ. ಒರೆಸುತ್ತಾ ಹೋದರೆ ಸ್ಪಂಜಿನ ಕೆಳಗಿಂದ ಬಸ್ಸಿನ ಕಿಟಕಿ ಬಂತು. ಕಿಟಕಿಯಲ್ಲಿ ಮೂರು ತಲೆ.

ನಲವತ್ತೆರಡು ವರ್ಷ ಈ ಕೆಲಸ ಮಾಡಿದ್ದೇನೆ. ನೆಗೆಟಿವ್‌ನಲ್ಲಿ ಮುಖ ಕರಿ, ಹಲ್ಲು ಕರಿ, ಕೂದಲು ಬಿಳಿ. ಜನ ಪೇಪರ್ ಓದುವ ಹಾಗೆ ಓದುತ್ತೇನೆ, ಹೆದರಿದವನಲ್ಲ. ಈ ಸಲ ನಾಲ್ಕು ವರ್ಷದ ಮಗು ಮುದುಕಿಯ ಹಾಗೆ ಬಿಳಿ ಕೂದಲು ಬಿಟ್ಟುಕೊಂಡು ನನ್ನನ್ನು ನೋಡಿದಾಗ ಬಾಗಿಲು ತೆರೆದು ಹೊರಗೆ ಬಂದೆ.

ಆರರಿಂದ ಹತ್ತರವರೆಗೆ ಪ್ರಿಂಟ್ ಹಾಕಿ ಕಳಿಸಿದ್ದೇನೆ. ಮಂಜಿದೆ, ಸಹಿಸಿಕೊ. ಎಂಟನೆಯದರಲ್ಲಿ ಅಕ್ಕ ನಗುತ್ತಿರುವುದು ನನ್ನ ಜೋಕಿಗೆ. ಯಾವ ಜೋಕೆಂದು ಎರಡು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ.

ನಿನ್ನ
ಮಾವ

*

ಮಾರ್ಚ್ 16

ಮಾವ,

ಆಸ್ಪತ್ರೆಯಲ್ಲಿ ಊಟದ ಬಿಡುವಿನಲ್ಲಿ ಲಕೋಟೆ ಒಡೆದೆ. ಅಮ್ಮ ಬಾಯಿ ತೆರೆದು ನಕ್ಕಿದ್ದನ್ನು ನಾನು ನೋಡಿದ್ದು ಇದೇ ಮೊದಲು. ನನಗೆ ಗೊತ್ತಿದ್ದ ಅಮ್ಮ ನಗು ಬಂದರೆ ಸೆರಗಿನಿಂದ ಬಾಯಿ ಒತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು, ಕೆಮ್ಮು ಬಂದವಳ ಹಾಗೆ. ಎಂಟನೆಯ ಫೋಟೋದಲ್ಲಿರುವ ಹೆಂಗಸನ್ನು ಅವತ್ತು ಸಂಜೆ ನಾನು ಕೊಂದೆ ಎಂದು ಅನಿಸಿತು.

ಒಂಬತ್ತನೆಯದರಲ್ಲಿ ಕಾಳುವಿನ ಶೂ ನನ್ನ ಕೈಯಲ್ಲಿದೆ. ನನ್ನ ಶೂ ಅವಳ ಕಾಲಲ್ಲಿದೆ. ಹಟ ಮಾಡಿ ಹಾಕಿಕೊಂಡಿರಬೇಕು. ದೊಡ್ಡ ಶೂ ಆದ್ದರಿಂದ ಎಡವಿದಳಾ? ದಿನವೂ ಒಂದೊಂದು ಹೊಸ ಕಾರಣ ಹುಟ್ಟುತ್ತದೆ, ಎಲ್ಲದರ ತುದಿಯಲ್ಲೂ ನಾನೇ ನಿಂತಿರುತ್ತೇನೆ.

ಮಗಳು ಫೋಟೋ ನೋಡಿ "ಇದು ನಾನು" ಎಂದು ಕಾಳುವನ್ನು ತೋರಿಸಿದಳು. ಹೌದು ಎಂದೆ.

ಮುಂದಿನ ಗೇಣು ಬೇಗ ತೊಳೆ.

ಹೆಡ್‌ಮೇಷ್ಟ್ರಮ್ಮ

*

ಮಾರ್ಚ್ 30

ಮಗಳೇ,

ಮೂರನೆಯ ಗೇಣು ಮುಗಿಯಿತು. ಹನ್ನೊಂದರಿಂದ ಹದಿನೈದು. ಕೈ ಕುದುರಿದೆ, ಮೂರೂ ಗೇಣಿನಲ್ಲಿ ಇದೇ ಸ್ಪಷ್ಟ. ಮರದ ಕೆಳಗೆ ಬುತ್ತಿ ಬಿಚ್ಚಿದ್ದು, ನೀನು ಕಾಳುವಿನ ತಲೆ ಬಾಚುತ್ತಿರುವುದು, ಹೊಳೆಗೆ ಇಳಿಯುವ ಕಲ್ಲುದಾರಿ. ಹದಿನೈದನೆಯದನ್ನು ಭೂತಗನ್ನಡಿಯಲ್ಲಿ ನೋಡು. ಕಲ್ಲುದಾರಿಯಲ್ಲಿ ನೀವಿಬ್ಬರೂ ಬೆನ್ನು ಮಾಡಿ ನಡೆಯುತ್ತಿದ್ದೀರಿ. ಅವಳ ಕಾಲಲ್ಲಿ ಅವಳದೇ ಶೂ ಇದೆ. ಅವಳ ಕೈ ನಿನ್ನ ಕೈಯಲ್ಲಿದೆ, ನಿನ್ನ ಬೆರಳ ಗಂಟು ಎದ್ದು ಕಾಣುವಷ್ಟು ಬಿಗಿ. ಮಗು ಕೈ ಹಿಡಿದ ರೀತಿ ಅಲ್ಲ ಅದು. ಪೊಲೀಸಿನವನು ಹಿಡಿದ ರೀತಿ.

ಇಷ್ಟು ಸಾಕಲ್ಲವೇ? ನೀನು ಕೈ ಹಿಡಿದಿದ್ದೆ. ಫೋಟೋ ಇದೆ. ಚೌಕಟ್ಟು ಹಾಕಿಸಿ ಗೋಡೆಗೆ ಹಾಕು. ಕೊನೆಯ ಗೇಣು ಕೆಟ್ಟುಹೋಯಿತು ಎಂದು ಇಟ್ಟುಕೊ. ಹದಿನಾರು, ಹದಿನೇಳು, ಆಮೇಲೆ ಮೂರು ಖಾಲಿ. ಅಷ್ಟರಲ್ಲಿ ಏನಿರುತ್ತದೆ?

ನನಗೆ ಆ ಕೋಣೆಗೆ ಹೋಗಲು ಆಗುತ್ತಿಲ್ಲ. ಒಂದೊಂದು ಗೇಣಿಗೂ ಕಾಳು ಹೊಳೆಗೆ ಹತ್ತಿರ ಹೋಗುತ್ತಿದ್ದಾಳೆ. ಬಸ್ಸಿನಲ್ಲಿದ್ದಳು, ಮರದ ಕೆಳಗಿದ್ದಳು, ಈಗ ಕಲ್ಲುದಾರಿಯಲ್ಲಿದ್ದಾಳೆ. ಕತ್ತರಿ ನನ್ನ ಕೈಯಲ್ಲಿದೆ. ನಾನು ತೊಳೆಯದಿದ್ದರೆ ಅವಳು ಅಲ್ಲೇ ನಡೆಯುತ್ತಾ ಇರುತ್ತಾಳೆ.

ನಿನ್ನ
ಮಾವ

*

ಏಪ್ರಿಲ್ 8

ಮಾವ,

ಕೆಟ್ಟಿದೆಯೋ, ಕೆಟ್ಟಿದೆ ಎಂದು ಇಟ್ಟುಕೊಳ್ಳಬೇಕೋ? ಎರಡೂ ಒಂದೇ ಅಲ್ಲ.

ನೀನು ನನ್ನನ್ನು ಕಾಪಾಡಲು ನೋಡುತ್ತಿದ್ದೀಯ ಎಂದು ಗೊತ್ತು. ಅಮ್ಮನೂ ಅದಕ್ಕೇ ಹೊಲಿಗೆ ಹಾಕಿಟ್ಟಳು. ಕಾಪಾಡಿ ಕಾಪಾಡಿ ನೀವಿಬ್ಬರೂ ನನ್ನನ್ನು ಮೂವತ್ತೊಂದು ವರ್ಷ ಆ ಕಟ್ಟೆಯ ಮೇಲೇ ನಿಲ್ಲಿಸಿದ್ದೀರಿ. ಹದಿನೈದರಲ್ಲಿ ಅಷ್ಟು ಬಿಗಿಯಾಗಿ ಹಿಡಿದ ಕೈ ಆಮೇಲೆ ಹೇಗೆ ಬಿಟ್ಟಿತು? ಈಗ ಮೊದಲಿಗಿಂತ ಹೆಚ್ಚು ಹೆದರಿಕೆಯಾಗುತ್ತಿದೆ. ಮೊನ್ನೆ ರಸ್ತೆಯಲ್ಲಿ ಮಗಳನ್ನು ಎತ್ತಿಕೊಂಡವಳು ಅರ್ಧಕ್ಕೇ ನಿಂತುಬಿಟ್ಟೆ. ಎರಡೂ ಕಡೆ ಹಾರ್ನ್. ಯಾರೋ ಹೆಂಗಸು ಬಂದು ಇಬ್ಬರನ್ನೂ ದಾಟಿಸಿದಳು.

ತೊಳೆ, ಮಾವ. ಕೈ ಮುಗಿಯುತ್ತೇನೆ.

ಅಕ್ಕನ ಮಗಳು

*

ಮೇ 4

ಮಗಳಿಗೆ ಅತ್ತೆಯ ಆಶೀರ್ವಾದ.

ನಾನು ಕಾಗದ ಬರೆಯುವವಳಲ್ಲ, ನಿನಗೆ ಗೊತ್ತು. ನಿಮ್ಮ ಮಾವ ಬರೆಯುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದಾಗಿನಿಂದ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ಡಾರ್ಕ್‌ರೂಮಿನ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಳಗೂ ಹೋಗುವುದಿಲ್ಲ, ಅಲ್ಲಿಂದ ಏಳುವುದೂ ಇಲ್ಲ. ಸುಳ್ಳು ಹೇಳಿಯಾದರೂ ನಗಿಸುತ್ತಿದ್ದ ಮನುಷ್ಯ ಈಗ ಉಪ್ಪು ಬೇಕಾ ಅಂದರೂ ತಲೆ ಆಡಿಸುತ್ತಾರೆ.

ನಿನ್ನೆ ಕೇಳಿದೆ, "ಏನ್ರೀ, ಆ ಪಟ್ಟಿಯಲ್ಲಿ ಹುಡುಗಿ ತಪ್ಪು ಕಾಣುತ್ತೆ ಅಂತ ಭಯಾನಾ?"

"ಕಾಣೋದು ಅವಳ ತಪ್ಪೇ" ಅಂದರು. ಆಮೇಲೆ, "ಅದೇ ಭಯ" ಅಂದರು.

ನನಗೆ ಅರ್ಥವಾಗಲಿಲ್ಲ. ನಿನಗಾದರೆ ನನಗೂ ಹೇಳು.

ಇವತ್ತು ಮಧ್ಯಾಹ್ನ ಊಟ ಬಿಟ್ಟು ಒಳಗೆ ಹೋಗಿ ಅಗುಳಿ ಹಾಕಿಕೊಂಡಿದ್ದಾರೆ. ನೀರು ಬೀಳುವ ಸದ್ದು ಕೇಳುತ್ತಿದೆ.

ಅತ್ತೆ

*

ಮೇ 20

ಮಗಳೇ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಈ ಸಲ ಹರಿಯುವ ಮೊದಲೇ ಅಂಚೆ ಡಬ್ಬಕ್ಕೆ ಹಾಕುತ್ತೇನೆ.

ಕೊನೆಯ ಗೇಣು ಬಂದಿದೆ. ಹದಿನಾರರಲ್ಲಿ ದೋಣಿಕಟ್ಟೆಯ ಮೇಲೆ ನೀವಿಬ್ಬರೂ ಕೈ ಹಿಡಿದು ನಿಂತಿದ್ದೀರಿ. ಹದಿನೇಳರಲ್ಲಿ ಕೈ ಬಿಟ್ಟಿದೆ. ನಡುವೆ ಒಂದು ಮೊಳ ಜಾಗವಿದೆ. ಯಾರು ನೋಡಿದರೂ ಹೇಳುತ್ತಾರೆ, ಅಕ್ಕ ಕೈ ಬಿಟ್ಟಳು, ತಂಗಿ ಅಂಚಿನಲ್ಲಿದ್ದಾಳೆ ಎಂದು. ನನಗೆ ಈ ಫೋಟೋ ಹೀಗೇ ಇರುತ್ತದೆಂದು ತೊಳೆಯುವ ಮೊದಲೇ ಗೊತ್ತಿತ್ತು. ನಿನ್ನ ಮೇಲಿನ ಅಪವಾದಕ್ಕೆ ಸಾಕ್ಷಿ ಹೇಳುವ ಫೋಟೋ ಇದು, ತೆಗೆದವನು ನಾನು. ಫೋಟೋಗೆ ಕಣ್ಣಿದೆ, ಕಿವಿ ಇಲ್ಲ. ಕಿವಿ ಇದ್ದಿದ್ದರೆ ಹದಿನಾರಕ್ಕೂ ಹದಿನೇಳಕ್ಕೂ ನಡುವೆ ಏನು ಕೇಳುತ್ತಿತ್ತು ಎಂದು ಬರೆಯುತ್ತೇನೆ.

ನಾನು ಹೇಳಿದೆ: "ಹೀಗೆ ಅಂಟಿಕೊಂಡು ನಿಂತ್ರೆ ಒಂದೇ ಮೂಟೆ ಥರ ಕಾಣ್ತೀರಿ. ಕೈ ಬಿಡು."

ನೀನು ಹೇಳಿದೆ: "ಅಮ್ಮ ಬಿಡಬೇಡ ಅಂದಿದ್ದಾಳೆ."

ನಾನು ಹೇಳಿದೆ: "ಫೋಟೋ ತೆಗೆಯೋನು ನಾನಾ, ನಿಮ್ಮಮ್ಮಾನಾ?"

ನೀನು ಬಿಟ್ಟೆ. ಎರಡೂ ಕೈ ತೊಡೆಗೆ ಅಂಟಿಸಿ ನೆಟ್ಟಗೆ ನಿಂತೆ, ಸ್ಟುಡಿಯೋದಲ್ಲಿ ನಾನು ಕಲಿಸಿದ ಹಾಗೆ. ಹಿಂದೆ ದೋಣಿ ಇತ್ತು, ದೋಣಿಯ ಮೂತಿ ಚೌಕಟ್ಟಿಗೆ ಬರುತ್ತಿರಲಿಲ್ಲ. ನನಗೆ ದೋಣಿ ಪೂರ್ತಿ ಬೇಕಿತ್ತು. ಅಂಗಡಿ ಗಾಜಿನಲ್ಲಿ ದೊಡ್ಡದು ಮಾಡಿ ಹಾಕುವ ಆಸೆ. "ಒಂದು ಹೆಜ್ಜೆ ಹಿಂದೆ" ಎಂದೆ. "ಇನ್ನೊಂದು" ಎಂದೆ. ನೀನು ಒಂದು ಹೆಜ್ಜೆ ಇಟ್ಟು ನಿಂತೆ. ಅವಳು ಚಿಕ್ಕವಳು, ಹೇಳಿದಷ್ಟೂ ಕೇಳಿದಳು. ನಾನು ಒತ್ತಿದೆ. ಒತ್ತಿದ ಮೇಲೆ ಸದ್ದು ಕೇಳಿತು. ಆಗಲೂ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಚೌಕಟ್ಟಿನಲ್ಲಿ ಅವಳಿಲ್ಲ, ಓಡಿಹೋದಳು ತುಂಟಿ ಎಂದುಕೊಂಡೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಅಷ್ಟು ಹೊತ್ತಿನಲ್ಲಿ ಒಬ್ಬ ಮನುಷ್ಯ ನೀರಿಗೆ ಹಾರಬಹುದಿತ್ತು.

ಅಕ್ಕ ಓಡಿಬಂದಳು. ಟಿಕೆಟ್ ಕೈಯಲ್ಲೇ ಇತ್ತು. ನನ್ನ ಅಂಗಿ ಹಿಡಿದು ಕೇಳಿದಳು, "ಇವಳು ಕೈ ಬಿಟ್ಟಳಾ?"

"ಹ್ಞೂಂ, ಬಿಟ್ಟಳು" ಎಂದೆ.

ಸುಳ್ಳಲ್ಲ. ಹುಟ್ಟಿದಾಗಿನಿಂದ ಸಾವಿರ ಸುಳ್ಳು ಹೇಳಿದ್ದೇನೆ, ಒಂದೂ ನನ್ನನ್ನು ಕಾಡಿಲ್ಲ. ಆ ಒಂದು ನಿಜ ಬಿಡಲಿಲ್ಲ. ವಾರವಾದ ಮೇಲೆ ರೀಲು ಸುತ್ತಿ ಅವಳ ಮುಂದೆ ಇಟ್ಟು "ತೊಳೆಸಲಾ?" ಎಂದೆ. "ಬೇಡ, ಮಗು ತಪ್ಪು ಮಗು ಕಣ್ಣಿಗೆ ಬೀಳಬಾರದು" ಎಂದು ಇಸಿದುಕೊಂಡಳು. ಆಗ ಹೇಳಬಹುದಿತ್ತು. ನನಗೆ ಬದುಕಿದೆ ಅನಿಸಿತು. ಆ ರಾತ್ರಿ ಹೊಟ್ಟೆ ತುಂಬ ಉಂಡೆ, ಮಗಳೇ. ಅದನ್ನೂ ಬರೆದಿಟ್ಟಿದ್ದೇನೆ.

ಇನ್ನೊಂದು ಉಳಿದಿದೆ. ಹದಿನೇಳನೆಯದನ್ನು ಒರೆಸುತ್ತಿದ್ದಾಗ ನಾನು ಕಿರುಚಿದೆನಂತೆ. ನಿಮ್ಮತ್ತೆ ಬಾಗಿಲು ಬಡಿದಳು. ನೆಗೆಟಿವ್‌ನಲ್ಲಿ ಕಟ್ಟೆಯ ಕಲ್ಲಿನ ಮೇಲೆ ಒಬ್ಬ ಬಿಳೀ ಮನುಷ್ಯ ಉದ್ದಕ್ಕೆ ಮಲಗಿದ್ದ. ಮುಖವಿಲ್ಲ, ಮೂಗಿಲ್ಲ. ನನ್ನ ಕಡೆಯಿಂದ ಹೊರಟು ನಿಮ್ಮ ಕಡೆಗೆ ಚಾಚಿದ್ದ, ಒಂದು ಕೈ ಮುಂದಕ್ಕೆ. ಅವತ್ತು ಅಲ್ಲಿ ನಾಲ್ಕನೆಯವರು ಯಾರೂ ಇರಲಿಲ್ಲ. ಯಮನೇ ಫೋಟೋದಲ್ಲಿ ಬಿದ್ದಿದ್ದಾನೆ ಎಂದುಕೊಂಡೆ. ಮೂರು ದಿನ ಪ್ರಿಂಟ್ ಹಾಕಲಿಲ್ಲ.

ಹಾಕಿದ ಮೇಲೆ ಬಿಳಿ ಕರಿಯಾಯಿತು. ಸಂಜೆ ಬಿಸಿಲು ನನ್ನ ಬೆನ್ನಿಗಿತ್ತು. ಅದು ನನ್ನ ನೆರಳು. ಒಂದು ಕೈ ಕ್ಯಾಮೆರಾದ ಹತ್ತಿರ, ಇನ್ನೊಂದು ಕೈ ಚಾಚಿ "ಹಿಂದೆ, ಹಿಂದೆ" ಎಂದು ತಳ್ಳುತ್ತಿದೆ. ಅಂಗೈಯ ನೆರಳು ಕಾಳುವಿನ ಶೂ ಮೇಲೆ ಬಿದ್ದಿದೆ. ನೀನು ನನ್ನನ್ನೇ ನೋಡುತ್ತಿದ್ದೀಯ, ಕಣ್ಣು ಮಿಟುಕಿಸದೆ. ಅವಳು ತಲೆ ಬಗ್ಗಿಸಿ ಆ ಕೈಯನ್ನು ನೋಡುತ್ತಿದ್ದಾಳೆ.

ನೆರಳು ಬೀಳಿಸಿಕೊಳ್ಳುವುದು ಬೇರೆ ಸ್ಟುಡಿಯೋದವರು ಎಂದು ಬರೆದಿದ್ದೆನಲ್ಲ, ಆ ಕಾಗದ ಹರಿದುಹಾಕು.

ಪ್ರಿಂಟ್ ಇದರ ಜೊತೆಗಿದೆ. ನೆಗೆಟಿವ್‌ ಕೂಡ. ನನ್ನ ಹತ್ತಿರ ಯಾವುದೂ ಉಳಿಸಿಕೊಂಡಿಲ್ಲ. ನೀನು ಇದನ್ನು ಯಾರಿಗೆ ತೋರಿಸಿದರೂ ಸರಿ. ನಿಮ್ಮತ್ತೆಗೆ ನಾನೇ ಓದಿ ಹೇಳಿದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಈಗ ಆ ಬಾಗಿಲ ಮುಂದೆ ಕೂತಿದ್ದೇನೆ.

ಇಂತಿ, ಆ ಫೋಟೋ ತೆಗೆದವನು

*

ಜೂನ್ 5

ಮಾವ,

ಎರಡು ವಾರ ಲಕೋಟೆಯನ್ನು ಎಕ್ಸ್‌ರೇ ಫಿಲ್ಮಿನ ಬೀರುವಿನಲ್ಲಿಟ್ಟಿದ್ದೆ. ದಿನಕ್ಕೊಂದು ಸಲ ತೆಗೆದು ದೀಪದ ಹಲಗೆಗೆ ನೆಗೆಟಿವ್ ಸಿಕ್ಕಿಸಿ ನೋಡುತ್ತಿದ್ದೆ. ನಿನ್ನನ್ನು ನೋಡಲಿಲ್ಲ, ಕಾಳುವನ್ನು ನೋಡಲು ಧೈರ್ಯವಿರಲಿಲ್ಲ. ನನ್ನ ಕೈಗಳನ್ನು ನೋಡುತ್ತಿದ್ದೆ. ಹತ್ತು ಬೆರಳೂ ನೆಟ್ಟಗಿವೆ. ಆಟದಲ್ಲಿ ಮೈಮರೆತು ಬಿಟ್ಟ ಕೈ ಹೀಗಿರುವುದಿಲ್ಲ.

ನೀನು ಬರೆದ ಮಾತುಗಳು ಓದಿದ ಮೇಲೂ ನನಗೆ ನೆನಪಾಗಲಿಲ್ಲ. "ಅಮ್ಮ ಬಿಡಬೇಡ ಅಂದಿದ್ದಾಳೆ" ಎಂದೆನಂತೆ. ಎಷ್ಟು ಪ್ರಯತ್ನಪಟ್ಟರೂ ಆ ದನಿ ಕೇಳಿಸುತ್ತಿಲ್ಲ. ಸುಳ್ಳುಗಾರನೆಂದು ಊರೆಲ್ಲ ಹೇಳುವ ನಿನ್ನ ಮಾತನ್ನೇ ನಂಬಬೇಕು. ನಂಬಿದ್ದೇನೆ.

ನಾನು ದಿನಕ್ಕೆ ನಲವತ್ತು ಜನಕ್ಕೆ ಹೇಳುತ್ತೇನೆ, "ಉಸಿರು ಹಿಡೀರಿ, ಅಲ್ಲಾಡಬೇಡಿ." ಯಾಕೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಮೊನ್ನೆ ಒಬ್ಬ ಅಜ್ಜಿಗೆ "ಬಿಡಿ" ಎನ್ನುವುದು ಮರೆತೆ. ನಿನ್ನ ಕಾಗದ ತಲೆಯಲ್ಲಿತ್ತು. ತಿರುಗಿ ನೋಡಿದರೆ ಮುಖವೆಲ್ಲ ಕೆಂಪಾಗಿ, ಕಣ್ಣು ಮೇಲೆ ಮಾಡಿ, ಹಾಗೇ ಹಿಡಿದುಕೊಂಡು ನಿಂತಿದ್ದಾಳೆ. ಓಡಿಹೋಗಿ ತಬ್ಬಿಕೊಂಡೆ. "ಏನಾಯ್ತಮ್ಮ, ನಾನು ಸರಿಯಾಗೇ ನಿಂತಿದ್ನಲ್ಲ?" ಎಂದಳು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಕ್ಷಮಿಸುವುದಿಲ್ಲ ಎಂದೂ ಬರೆಯುವುದಿಲ್ಲ. ನನ್ನ ಪಾಲಿನದು ಒಂದು ರೀತಿ ನೋಡಿಕೊಳ್ಳಬಹುದು. ಆದರೆ ಅಮ್ಮ ನಾನು ಬಿಟ್ಟೆ ಎಂದು ನಂಬಿಕೊಂಡೇ ಹೋದಳು. ನನ್ನನ್ನು ಬೈಯದೆ ಇರಲು ಮೂವತ್ತೊಂದು ವರ್ಷ ಬಾಯಿ ಒತ್ತಿ ಹಿಡಿದಳು. ಅವಳಿಗೆ ಈಗ ಯಾರು ಕಾಗದ ಬರೆಯುವುದು, ಯಾವ ವಿಳಾಸಕ್ಕೆ? ಇದನ್ನು ನೀನೇ ಯೋಚನೆ ಮಾಡು. ನನಗೆ ತಿಳಿಯುತ್ತಿಲ್ಲ.

ಅತ್ತೆ ಬಾಗಿಲು ತೆರೆದರೆ ಊಟ ಮಾಡು.

ಇವತ್ತು ಮಗಳ ಶಾಲೆಯ ಮೊದಲ ದಿನ. ರಸ್ತೆಯ ಹತ್ತಿರ ಬಂದಾಗ ಹೇಗೂ ಎತ್ತಿಕೊಳ್ಳುತ್ತೇನೆಂದು ಅಭ್ಯಾಸದಂತೆ ತೋಳೆತ್ತಿದಳು. ನಾನು ಕೈ ಚಾಚಿದೆ. ನನ್ನ ಮುಖ ನೋಡಿ ಕೈ ಕೊಟ್ಟಳು. ಹಿಡಿದೆ. ನಡುರಸ್ತೆಯಲ್ಲಿ ಒಂದು ಬಸ್ಸು ಮೈಮೇಲೆ ಬಂದ ಹಾಗೆ ಬಂತು. ಕಣ್ಣು ಕತ್ತಲೆಯಾಯಿತು, ಕೈ ಮಾತ್ರ ಇತ್ತು. ದಾಟಿದೆವು. ಶಾಲೆಯ ಗೇಟಿನವರೆಗೂ ಹಿಡಿದೇ ಇದ್ದೆ.

"ಅಮ್ಮಾ, ಬೆವರ್ತಿದೆ. ಬಿಡು" ಎಂದಳು.

ಬಿಟ್ಟೆ.

ಅಕ್ಕನ ಮಗಳು